ಬಿಸಿಲು ಕಾಣದ ಬಟ್ಟೆ

ಹೊನ್ನೂರು, ಯಳಂದೂರು ತಾಲ್ಲೂಕು
11-8-2025, ಶ್ರಾವಣ ಸೋಮವಾರ

ಚಿರಂಜೀವಿ ಕೋಮಲಳಿಗೆ ನಿನ್ನ ಅತ್ತೆ ಚನ್ನಮಲ್ಲಮ್ಮ ಮಾಡುವ ಆಶೀರ್ವಾದಗಳು.

ಹೇಗಿದ್ದೀಯವ್ವಾ? ನಿಮ್ಮ ತಂದೆ ಜಡೇಸ್ವಾಮಿಯವರ ಮಂಡಿನೋವು ಕಡಿಮೆಯಾಯಿತೇ? ನಿಮ್ಮ ತಾಯಿ ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದಾರೆಯೇ? ವಾಡಿಕೆಯಂತೆ 'ಸೌಭಾಗ್ಯವತಿ' ಎಂದೂ ಬರೆಯಲು ಹೋದೆ, ಕೈ ನಿಂತುಬಿಟ್ಟಿತು. ನಿನ್ನನ್ನು ಬಸ್ಸು ಹತ್ತಿಸಿ ತವರಿಗೆ, ಬಂಡಳ್ಳಿಗೆ ಕಳಿಸಿದವಳೇ ನಾನು, ಯಾವ ಬಾಯಲ್ಲಿ ಹಾಗೆ ಹರಸಲಿ? ಎಂಟು ತಿಂಗಳು ಬದುಕಿದ್ದೀಯಾ ಎಂದು ಕೇಳದವಳು ಈಗ ಯೋಗಕ್ಷೇಮ ವಿಚಾರಿಸಲು ಬಂದಳು ಎಂದು ಬೈದುಕೊಳ್ಳುತ್ತೀಯೇನೋ, ಬೈದುಕೋ. ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದ್ದರೂ ಇದನ್ನು ಬಾಯಿಬಿಟ್ಟು ಹೇಳುವ ಧೈರ್ಯ ನನಗಿಲ್ಲ. ಏಳನೇ ಕ್ಲಾಸಿನ ಅಕ್ಷರ, ಹೊಂದಿಸಿಕೊಂಡು ಓದು.

ಆಷಾಢದಲ್ಲಿ ನನಗೂ ತುರಿಕೆ ಶುರುವಾಯಿತು. ನಿನಗೆ ಎಲ್ಲಿ ಆಗಿತ್ತೋ ಅಲ್ಲೇ, ಹೆಂಗಸರು ಯಾರಿಗೂ ತೋರಿಸಲಾಗದ ಜಾಗದಲ್ಲೇ. ನಿನಗೆ ಮಾಡಿದ ಉಪಚಾರವನ್ನೇ ನನಗೂ ಮಾಡಿಕೊಂಡೆ. ಸುಡುವ ನೀರು, ಅದಕ್ಕೆ ಗಾಯಕ್ಕೆ ಹಾಕುವ ಘಾಟು ಔಷಧಿ ಎರಡು ಮುಚ್ಚಳ, ಮೇಲೆ ಬಟ್ಟೆ ಸೋಪು. ಅಯ್ಯೋ ಶಿವನೇ! ಮೊದಲ ದಿನವೇ ಬಚ್ಚಲ ಗೋಡೆ ಹಿಡಿದುಕೊಂಡು ಗೊಳೋ ಎಂದು ಅತ್ತುಬಿಟ್ಟೆ. ನೀನು ದಿನಕ್ಕೆ ಎರಡು ಸಲ, ಮೂರು ತಿಂಗಳು ತಡೆದುಕೊಂಡೆಯಲ್ಲ ಮಗಾ, ಹೇಗೆ ತಡೆದುಕೊಂಡೆ? 'ಅತ್ತೆ, ನೀರು ಬುಟ್ರೂ ಉರೀತದೆ, ಒಂದಕ್ಕೆ ಓದ್ರೂ ಉರೀತದೆ' ಎಂದು ನೀನು ಬಾಗಿಲ ಹಿಂದೆ ನಿಂತು ಹೇಳಿದೆ. 'ಉರುದ್ರೆ ಉರೀಲಿ ಕಣವ್ವ, ಉರುದ್ರೇನೇ ಕೊಳೆ ಓಯ್ತದೆ' ಎಂದೆ ನಾನು. ನನ್ನ ನಾಲಿಗೆಗೆ ಆಗಲೇ ಯಾರಾದರೂ ಬರೆ ಹಾಕಬೇಕಿತ್ತು.

ನಾಲ್ಕನೇ ದಿನ ಕಾಲು ಎತ್ತಿಡಲು ಆಗಲಿಲ್ಲ. ನನಗೆ ಹಲ್ಲುನೋವು ಎಂದು ಮಗನಿಗೆ ಸುಳ್ಳು ಹೇಳಿ, ಕೊಳ್ಳೇಗಾಲಕ್ಕೆ ಹೋಗಿ ಲೇಡಿ ಡಾಕ್ಟರಿಗೆ ತೋರಿಸಿದೆ. ನಿನ್ನ ವಾರಿಗೆಯ ಹುಡುಗಿ, ಮುಲಾಜೇ ಇಲ್ಲದೆ ಬೈದಳು. 'ಅಮ್ಮಾ, ಇದೇನು ಹಿತ್ತಾಳೆ ಚೊಂಬಾ ಹಿಂಗೆ ಉಜ್ಜಕ್ಕೆ? ಚರ್ಮ ಕಣಮ್ಮ!' ಎಂದಳು. ಒಳಗಿನ ಜಾಗ ತನ್ನಷ್ಟಕ್ಕೆ ತಾನೇ ಶುದ್ಧವಾಗಿರುತ್ತದಂತೆ, ಅಲ್ಲಿಗೆ ಏನನ್ನೂ ಹಾಕಬಾರದಂತೆ. ಹೊರಗೆ ಬರೀ ನೀರು ಸಾಕಂತೆ. ಸೋಪು, ಘಾಟು ಔಷಧಿ, ಪರಿಮಳದ ಪೌಡರು, ಯಾವುದೂ ಬೇಡವಂತೆ. ಬೆರಳು ಚುಚ್ಚಿ ನೋಡಿದಳು, ಸಕ್ಕರೆ ಮುನ್ನೂರು ದಾಟಿತ್ತು. ಸಕ್ಕರೆ ಏರಿದವರಿಗೆ ಅಲ್ಲಿ ಬೂಷ್ಟು ಹಿಡಿದು ಹೀಗೆ ತುರಿಕೆ ಬರುತ್ತದೆ, ಮಾತ್ರೆ ಕೊಡುತ್ತೇನೆ, ವಾಸಿಯಾಗುತ್ತದೆ ಎಂದಳು. ನೋಡು ನನ್ನ ಅದೃಷ್ಟ. ನಾನು ಸಕ್ಕರೆ ಕಾಯಿಲೆ ಎಂದು ಊರಿಗೆಲ್ಲ ಹೇಳಿಕೊಂಡು ಓಡಾಡಬಹುದು, ಮರ್ಯಾದೆಯ ಕಾಯಿಲೆ. ನಿನಗೆ ಮಾತ್ರ ಕೆಟ್ಟ ಕಾಯಿಲೆ ಎಂಬ ಹೆಸರು ಕಟ್ಟಿದೆವು.

ಆಮೇಲೆ ತಡೆಯಲಾರದೆ ನಿನ್ನ ವಿಷಯ ಕೇಳಿದೆ. ತೊಡೆಸಂದಿಯಿಂದ ಶುರುವಾಗಿ ಬಳೆಯ ಹಾಗೆ ದುಂಡಗೆ ಹರಡಿದ್ದು, ಅಂಚಿನಲ್ಲೇ ತುರಿಕೆ ಹೆಚ್ಚಿದ್ದು, ಮೆಡಿಕಲ್ ಸ್ಟೋರಿನ ಟ್ಯೂಬು ಹಚ್ಚಿದಾಗ ಎರಡು ದಿನ ಅಡಗಿ ಮತ್ತೆ ದುಪ್ಪಟ್ಟು ಎದ್ದಿದ್ದು, ಎಲ್ಲ ಹೇಳಿದೆ. 'ನೋಡ್ದೆ ಹೇಳಕ್ಕಾಗಲ್ಲ, ಹುಳುಕಡ್ಡಿ ಇದ್ದಂಗದೆ' ಎಂದಳು. ಹುಳುಕಡ್ಡಿ ಕಣವ್ವ, ಕತ್ತಿನ ಮೇಲೆ, ಬೆನ್ನ ಮೇಲೆ ಯಾರಿಗೆ ಬೇಕಾದರೂ ಬರುವ ಹುಳುಕಡ್ಡಿ! ಆ ಟ್ಯೂಬಿನ ಬೆರಕೆ ಔಷಧಿ ತುರಿಕೆ ಅಡಗಿಸಿ ಒಳಗೊಳಗೇ ಬೆಳೆಸುತ್ತದಂತೆ, ಅದನ್ನು ಹಚ್ಚುತ್ತಿದ್ದರೆ ಈಗಲೇ ಎಸೆದುಬಿಡು. ನಾಚಿಕೆ ಬಿಟ್ಟು ಚರ್ಮದ ಡಾಕ್ಟರಿಗೆ ತೋರಿಸು. ತುರಿಕೆ ನಿಂತಿತೆಂದು ಮಾತ್ರೆ ಅರ್ಧಕ್ಕೆ ಬಿಡಬೇಡ, ಅವರು ಹೇಳಿದಷ್ಟು ದಿನ ನುಂಗು. ಸ್ನಾನದ ಮೇಲೆ ಒತ್ತಿ ಒರೆಸಿ, ಚೆನ್ನಾಗಿ ಒಣಗಿದ ಸಡಿಲ ಹತ್ತಿಬಟ್ಟೆ ಉಡು. ನಿನ್ನ ಟವೆಲ್ಲು ನಿನಗೇ ಇರಲಿ.

ಒಣಗಿದ ಬಟ್ಟೆ ಉಡು ಎಂದು ಬರೆಯುತ್ತಿರುವವಳು ನಾನು, ನೋಡು. ಹೆಂಗಸರ ಒಳಬಟ್ಟೆ ಗಂಡಸರ ಕಣ್ಣಿಗೆ ಬೀಳಬಾರದು ಎಂದು ನನ್ನ ಅತ್ತೆ ಅಟ್ಟದ ಮೇಲೆ, ತೆಂಗಿನಕಾಯಿ ರಾಶಿಯ ಹಿಂದೆ ಹಗ್ಗ ಕಟ್ಟಿದ್ದರು. ನಾನೂ ಮೂವತ್ತೈದು ವರ್ಷ ಅಲ್ಲೇ ಹರವಿದೆ, ನಿನ್ನ ಕೈಲೂ ಅಲ್ಲೇ ಹರವಿಸಿದೆ. ಒಮ್ಮೆ ನೀನು ಹಿತ್ತಲಲ್ಲಿ ಬಿಸಿಲಿಗೆ ಹಾಕಿದ್ದಕ್ಕೆ ಕಿತ್ತು ತಂದು ನಿನ್ನ ಮುಖದ ಮೇಲೆ ಎಸೆದೆ. ಮಳೆಗಾಲದಲ್ಲಿ ಎರಡು ದಿನವಾದರೂ ಒಣಗದ, ಮುಗ್ಗಲು ವಾಸನೆಯ ಬಟ್ಟೆಯನ್ನೇ ನೀನು ಉಟ್ಟುಕೊಂಡು ನಾಟಿ ಗದ್ದೆಗೆ ಬುತ್ತಿ ತರುತ್ತಿದ್ದೆ. ಹೋದ ವಾರ ಆ ಹಗ್ಗ ಬಿಚ್ಚಿ ತಂದು ಹಿತ್ತಲ ಬಿಸಿಲಿಗೆ ಕಟ್ಟಿದ್ದೇನೆ. ಭಾವ ಶಿವರುದ್ರಸ್ವಾಮಿಯವರು ನೋಡಿ ಎರಡು ಸಲ ಕೆಮ್ಮಿದರು. ಕೆಮ್ಮಲಿ ಬಿಡು.

ಅವರ ಜಗಲಿಯಲ್ಲೇ ಅಲ್ಲವೇ ನಿನ್ನ ಪಂಚಾಯ್ತಿ ನಡೆದದ್ದು. ಐದು ಜನ ದೊಡ್ಡವರು, ನಿಮ್ಮ ತಂದೆ ಟವೆಲ್ಲು ಕೈಯಲ್ಲಿ ಹಿಡಿದು ನಿಂತಿದ್ದರು. 'ತವರಿಂದ ತಂದ ಕಾಯ್ಲೆ ಸಾ, ನನ್ ಮಗನ ಬಾಳು ಆಳಾಯ್ತು' ಎಂದು ಸೆರಗು ಬಾಯಿಗೆ ಒತ್ತಿಕೊಂಡೆ. ಅಷ್ಟು ಗಂಡಸರ ನಡುವೆ ಆ ಜಾಗದ ಮಾತನ್ನು ನೀನು ಹೇಗೆ ಆಡುತ್ತೀ? ಕಂಬ ಹಿಡಿದು ತಲೆ ತಗ್ಗಿಸಿ ನಿಂತೆ. ನೀನು ಸುಮ್ಮನಿದ್ದದ್ದನ್ನೇ ತಪ್ಪೊಪ್ಪಿಗೆ ಎಂದು ಎಲ್ಲರೂ ಎದ್ದರು. ಈಗ ವಿಚ್ಛೇದನಕ್ಕೆಂದು ವಕೀಲರ ನೋಟೀಸು ಬೇರೆ ಬಂದಿರಬೇಕು. ಕಾಯಿಲೆ ಮುಚ್ಚಿಟ್ಟು ಮದುವೆ ಮಾಡಿಕೊಟ್ಟರು ಎಂದು ಮಗ ಅದರಲ್ಲಿ ಬರೆಸಿದ್ದಾನಂತೆ. ಮುಂದಿನ ತಿಂಗಳು ನಾಲ್ಕಕ್ಕೆ ಕೊಳ್ಳೇಗಾಲದ ಕೋರ್ಟಿನಲ್ಲಿ ವಾಯಿದೆ.

ವಾಪಸು ಬಾ ಎಂದು ಕರೆಯುವ ಯೋಗ್ಯತೆ ನನಗಿಲ್ಲ. ನೀನಿಲ್ಲದ ಮನೆಯಲ್ಲಿ ಒಬ್ಬಳೇ ಮುದ್ದೆ ತಿರುವಿ, ಒಬ್ಬಳೇ ಉಣ್ಣುತ್ತೇನೆ. ನನ್ನನ್ನು ಅತ್ತೆ ಎಂದು ಅಷ್ಟು ಮೆತ್ತಗೆ ಕರೆದವರು ಇನ್ನೊಬ್ಬರಿಲ್ಲ. ನಿನ್ನ ತಂದೆ ತಾಯಿಗೆ ನನ್ನ ಶರಣು ತಿಳಿಸು, ಅವರು ಮುಖ ತಿರುಗಿಸಿದರೂ ತಿಳಿಸು. ಎಲ್ಲಿದ್ದರೂ ಉರಿಯಿಲ್ಲದೆ ನಿದ್ದೆ ಮಾಡು, ತಣ್ಣಗಿರು ತಾಯಿ.

ಇಂತಿ,
ನಿನ್ನನ್ನು ನೋಯಿಸಿದ ಅತ್ತೆ,
ಚನ್ನಮಲ್ಲಮ್ಮ

ಮರೆತದ್ದು: ಮರೆತದ್ದಲ್ಲ, ಬರೆಯಲು ಕೈ ಬಂದಿರಲಿಲ್ಲ. ಲಕೋಟೆ ಅಂಟಿಸಿದ್ದನ್ನು ಬಿಚ್ಚಿ ಬರೆಯುತ್ತಿದ್ದೇನೆ, ಪೋಸ್ಟಿನವನು ಬಾಗಿಲಲ್ಲಿದ್ದಾನೆ. ಹುಳುಕಡ್ಡಿ ಒಬ್ಬರಿಂದ ಒಬ್ಬರಿಗೆ ಹತ್ತುತ್ತದೆ, ಗಂಡನಿಗಿತ್ತೇ ಎಂದು ಡಾಕ್ಟರು ಕೇಳಿದಳು. ಇತ್ತು ಕೋಮಲ. ಮದುವೆಗೆ ಹದಿನೈದು ದಿನ ಇರುವಾಗಲೇ ನನ್ನ ಮಗ ಶಿವಕುಮಾರಸ್ವಾಮಿಯ ತೊಡೆಸಂದಿಯೆಲ್ಲ ಅದೇ ಇತ್ತು, ದಿನವೆಲ್ಲ ಟ್ರ್ಯಾಕ್ಟರ್ ಸೀಟಿನ ಮೇಲೆ ಬೆವರಿ ಬಂದದ್ದು. ಟ್ಯೂಬು ತಂದುಕೊಟ್ಟು, ತಾಳಿ ಕಟ್ಟುವವರೆಗೆ ಬಾಯಿ ಬಿಡಬೇಡ ಎಂದವಳು ನಾನು. ನಮ್ಮ ಮನೆಯಲ್ಲಿ ಮೊದಲೇ ಯಾರಿಗಾದರೂ ಇತ್ತೇ ಎಂದು ಪಂಚಾಯ್ತಿಯಲ್ಲಿ ಕೇಳಿದಾಗ ಇಲ್ಲ ಎಂದವಳೂ ನಾನೇ. ಈ ಕಾಗದ ಹರಿಯಬೇಡ, ನಿನ್ನ ವಕೀಲರಿಗೆ ಕೊಡು. ನಾಲ್ಕನೇ ತಾರೀಖು ನಾನೂ ಕೋರ್ಟಿಗೆ ಬರುತ್ತೇನೆ, ನಿನ್ನ ಕಡೆಯ ಸಾಕ್ಷಿಯಾಗಿ.