ಹಗ್ಗದ ಗಲ್ಲಿಯ ಕೊನೆಯ ಅಂಗಡಿ

ಹಳಿಯಾಳ
ನವೆಂಬರ್ 15, ಶನಿವಾರ

ಪ್ರೀತಿಯ ಅಪ್ಪಾ,

ಕ್ಷೇಮ ಕೇಳುವ ಮೊದಲೇ ಸುದ್ದಿಗೆ ಕೈ ಹಾಕಬಾರದು ಎಂದು ಪತ್ರ ಬರೆಯಲು ಕಲಿಸಿದವರು ನೀವೇ. ಆದರೂ ಇವತ್ತು ಬೆಳಿಗ್ಗೆ ಕಂಡದ್ದನ್ನು ಹೇಳದ ಹೊರತು ಪೆನ್ನು ಮುಂದೆ ಹೋಗುತ್ತಿಲ್ಲ. ಅಂಗಡಿ ತೆಗೆಯಲು ಹೋದಾಗ ಅಂದಾನೆಪ್ಪ ಕಾಕಾನ ಬಾಂಡೆ ಅಂಗಡಿಯ ಮುಂದೆ, ತಾಮ್ರದ ಕೊಡಗಳ ಪಕ್ಕದಲ್ಲಿ, ಹಸಿರು ನೈಲಾನ್ ಹಗ್ಗದ ಒಂದು ಸುರುಳಿ ತೂಗುತ್ತಿತ್ತು. ಒಂದೇ ಸುರುಳಿ. ಗಿರಾಕಿಗಳು ಬರುವ ಕಡೆಗಲ್ಲ, ನಮ್ಮ ಬಾಗಿಲಿಗೆ ಕಾಣುವಂತೆ ಈ ಕಡೆಯ ಮೊಳೆಗೆ ಅದನ್ನು ನೇತು ಹಾಕಿದ್ದರು.

ಈಗ ಕ್ಷೇಮ. ಮೊಣಕಾಲಿನ ನೋವು ಹೇಗಿದೆ? ಕೋಗಿಲಬನದಲ್ಲಿ ಹೊಳೆಯ ಥಂಡಿ ಜಾಸ್ತಿ, ಬೆಳಿಗ್ಗೆ ದಂಡೆಯ ಕಡೆ ಹೋಗುವಾಗ ಶಾಲು ಹೊದ್ದುಕೊಳ್ಳಿ. ತಂಗಿಯ ಮನೆ ಎಂದು ಸಂಕೋಚಪಟ್ಟು ಒಂದೇ ರೊಟ್ಟಿಗೆ ಕೈ ತೊಳೆಯಬೇಡಿ. ಶಂಕ್ರೆವ್ವತ್ತಿ ಎಲ್ಲವನ್ನೂ ಅವ್ವನಿಗೆ ಫೋನಿನಲ್ಲಿ ಒಪ್ಪಿಸುತ್ತಾಳೆ, ನೀವು ಮಜ್ಜಿಗೆಗೆ ಉಪ್ಪು ಬೇಡ ಅಂದದ್ದನ್ನು ಸಹ. ನಾನು ಫೋನ್ ಮಾಡಿದರೆ ನೀವು ‘ಹೂಂ’ ಎಂದು ಇಟ್ಟುಬಿಡುತ್ತೀರಿ. ನನಗೂ ನಿಮ್ಮೆದುರು ಮಾತು ಹೊರಡುವುದಿಲ್ಲ. ಅವ್ವ ನಿನ್ನೆ ಅಂದಳು: “ಧಾರವಾಡದಾಗ ಎಂ.ಎ. ಮಾಡಿ ಬಂದೀಯಲ್ಲ, ಕಲತ ಕನ್ನಡ ಎಲ್ಲಾ ಹೊಟ್ಟ್ಯಾಗ ಇಟಗೊಂಡು ಕುಂದರತೀ ಏನು? ನಿಮ್ಮಪ್ಪಗ ನಾಕು ಸಾಲು ಬರಿ.” ಅದಕ್ಕೆ ಈ ಪತ್ರ. ದಾಂಡೇಲಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದೇನೆ, ನಾಳೆಯೇ ನಿಮಗೆ ಮುಟ್ಟಬೇಕು.

ಆ ನೈಲಾನ್ ಸುರುಳಿಯ ಅರ್ಥ ನಿಮಗೆ ಹೇಳಬೇಕಾಗಿಲ್ಲ. ಮಗ್ಗುಲಿನವರು ಮಾರುವುದನ್ನು ತಾವು ಇಡುವುದಿಲ್ಲ ಎಂಬುದು ನಮ್ಮ ಗಲ್ಲಿಯಲ್ಲಿ ಯಾರೂ ಬಾಯಿ ಬಿಟ್ಟು ಆಡದ ನಿಯಮ. ಕೊಡ ಕೇಳಿದವರನ್ನು ನಾವು ಅಂದಾನೆಪ್ಪ ಕಾಕಾನ ಕಡೆ ಕಳಿಸುತ್ತೇವೆ, ಹಗ್ಗ ಕೇಳಿದವರಿಗೆ ಅವರು “ಕೊನೀ ಅಂಗಡಿಗೆ ಹೋಗ್ರಿ, ಉಳವಪ್ಪ ಅದಾನ” ಅನ್ನುತ್ತಾರೆ. ಜ್ಯೋತಿಬಾ ಕಾಕಾ ಚಹಾ ಮಾರಿದರೂ ಭಜಿ ಕರಿಯುವುದಿಲ್ಲ. ಭಜಿ ಎದುರಿನವರದು. ಜನ ಇಲ್ಲಿಯ ಕಪ್ಪು ಹಿಡಿದುಕೊಂಡು ಗಲ್ಲಿ ದಾಟಿ ಅಲ್ಲಿಯ ಭಜಿ ತಿನ್ನುತ್ತಾರೆ. ಇಷ್ಟು ವರ್ಷ ಕಾಪಾಡಿಕೊಂಡು ಬಂದದ್ದನ್ನು ಇವತ್ತು ಮೊದಲು ಮುರಿದವರು ನಿಮ್ಮ ಜೊತೆ ಉಳವಿ ಜಾತ್ರೆಗೆ ಚಕ್ಕಡಿ ಕಟ್ಟಿಕೊಂಡು ಹೋಗುತ್ತಿದ್ದ ಅಂದಾನೆಪ್ಪ ಕಾಕಾ. ನಾನು ಕಸಬರಿಗೆ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಅವರು ನನ್ನನ್ನು ನೋಡಿಯೂ ನೋಡದವರಂತೆ ಒಂದು ತಪ್ಪೇಲಿಯನ್ನು ಉಜ್ಜುತ್ತಿದ್ದರು. ಅದು ಹೊಸ ತಪ್ಪೇಲಿ, ಅಪ್ಪಾ. ಉಜ್ಜುವುದಕ್ಕೆ ಅದರಲ್ಲಿ ಏನೂ ಇರಲಿಲ್ಲ.

ಅವತ್ತು ನೀವು ಸಿಟ್ಟಿನಿಂದ ಎದ್ದು ಹೋದ ಮೇಲೆಯೂ ಜ್ಯೋತಿಬಾ ಕಾಕಾನ ಅಂಗಡಿಯಲ್ಲಿ ಗಲ್ಲಿಯವರ ಸಭೆ ಮುಂದುವರಿಯಿತು. ನಾನು ಹೊರಗಿನ ಕಟ್ಟೆಯ ಮೇಲೆ ಕೂತು ಕೇಳಿದೆ. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಹಳ್ಳಿಯ ಬಸ್ಸು, ಟೆಂಪೋಗಳೆಲ್ಲ ನಮ್ಮ ಅಂಗಡಿಯ ಹಿಂದಿನ ಬಯಲಿಗೆ ಬರತೊಡಗಿದ ಮೇಲೆ ಗಲ್ಲಿಯ ಬಾಯಿ ಜನರಿಗೆ ದೂರವಾಯಿತು. ಇಳಿದವರು ಇಡೀ ಪೇಟೆ ಸುತ್ತಿ ನಮ್ಮಲ್ಲಿಗೆ ಬರಬೇಕು. ಯಾರು ಬರುತ್ತಾರೆ? ಒಂದೊಂದೇ ಅಂಗಡಿಯ ಹಲಗೆ ಮುಚ್ಚಿತು. ಈಗ ಎಲ್ಲರೂ ಸೇರಿ ತಮ್ಮ ತಮ್ಮ ಮುಂಭಾಗ ದುರಸ್ತಿ ಮಾಡಿಕೊಂಡರೆ ಪುರಸಭೆಯವರು ಗಟಾರು ಮುಚ್ಚಿ, ಕಲ್ಲು ಹಾಸಿ, ದೀಪ ಹಾಕಿಸುತ್ತಾರಂತೆ. ಆದರೆ ಕೊನೆ ಮುಚ್ಚಿದ ಗಲ್ಲಿಗಲ್ಲ. ನಮ್ಮ ಅಂಗಡಿಯ ಹಿಂದಿನ ಬಾಗಿಲು ತೆರೆದು, ನಡುವೆ ಹಾದಿ ಬಿಟ್ಟರೆ ಮಾತ್ರ ಬಸ್ಸಿನಿಂದ ಇಳಿದವರು ನೇರ ಗಲ್ಲಿಯೊಳಗೆ ಕಾಲಿಡುತ್ತಾರೆ. ಅದಕ್ಕೆ ನೀವು ಅಂದದ್ದು ಒಂದೇ ಮಾತು: “ನಂದು ಅಂಗಡಿ ಐತಿ, ಊರ ಹಾದಿ ಅಲ್ಲ.” ಮರುದಿನ ಚೀಲ ಹೆಗಲಿಗೆ ಹಾಕಿಕೊಂಡು ಅತ್ತಿಯ ಊರಿಗೆ ಹೊರಟುಬಿಟ್ಟಿರಿ.

ಗಲ್ಲಿ ಹೀಗೆ ಉಸಿರು ಹಿಡಿದು ಕೂತಿರುವಾಗ ನಗುತ್ತಿರುವವನು ಕಿರಣಕುಮಾರ ಒಬ್ಬನೇ. ಕಟ್ಟಡದ ಕಂಪನಿಯ ಪರವಾಗಿ ಓಡಾಡುತ್ತಾನಲ್ಲ, ಅವನು. ಇಡೀ ಸಾಲನ್ನು ಕೆಡವಿ ಮೂರಂತಸ್ತಿನ ಕಾಂಪ್ಲೆಕ್ಸ್ ಎಬ್ಬಿಸುವುದು, ಹಳಬರಿಗೆ ಮೇಲಿನ ಮಹಡಿ ಕೊಡುವುದು ಅವನ ಮಾತು. ಸೋಮವಾರ ಬೆಳಿಗ್ಗೆ ಎಲ್ಲರ ಉತ್ತರ ಬೇಕಂತೆ. ಅಂದಾನೆಪ್ಪ ಕಾಕಾ ಅವತ್ತು ಸಭೆಯಲ್ಲೇ ಕೇಳಿದ್ದರು, “ಪಾವಟಿಗಿ ಹತ್ತಿ ಯಾವ ಮುದುಕಿ ಕೊಡಾ ಕೊಳ್ಳಾಕ ಬರ್ತಾಳೋ ತಮ್ಮಾ?” ಆದರೂ ಬರುವ ಸೋಮವಾರ ಹೂಂ ಅನ್ನುವುದೆಂದು ಗಲ್ಲಿಯವರು ಮಾತಾಡಿಕೊಂಡಿದ್ದಾರೆ. ಮುಚ್ಚಿದ ಗಲ್ಲಿಯಲ್ಲಿ ಒಬ್ಬೊಬ್ಬರೇ ಕೊಳೆಯುವುದಕ್ಕಿಂತ ಅದೇ ಮೇಲು ಅನ್ನಿಸಿದೆ ಅವರಿಗೆ. ಬುಧವಾರ ಅವನು ನಮ್ಮ ಅಂಗಡಿಗೆ ಬಂದು, ಕರೆಯದೆಯೇ ನಿಮ್ಮ ಸ್ಟೂಲಿನ ಮೇಲೆ ಕೂತ. ಬೂಟಿನ ತುದಿಯಿಂದ ನಾರಿನ ಚೀಲಗಳನ್ನು ಒತ್ತಿ ನೋಡಿದ. “ನಿಮ್ಮ ಫಾದರ್ ಇನ್ನೊಂದೆರಡು ದಿನಾ ಅಲ್ಲೇ ಆರಾಮ ಇರಲಿ ಬಿಡ್ರಿ ಮೇಡಮ್. ಹೊಳೀ ಗಾಳಿ ಚಲೋ ಐತಿ,” ಎಂದ. ನೀವು ಬಾಗಿಲು ತೆಗೆಯುವುದಿಲ್ಲ ಎಂದಷ್ಟೂ ಅವನಿಗೆ ಲಾಭ. ಅವನು ಹೋದ ಮೇಲೆ ಸ್ಟೂಲು ಒರೆಸಿ ಇಟ್ಟೆ.

ಸಭೆಯಾದಂದಿನಿಂದ ನಮ್ಮ ಅಂಗಡಿಗೆ ಚಹಾ ಬರುವುದು ನಿಂತಿದೆ. ಜ್ಯೋತಿಬಾ ಕಾಕಾ ಎಲ್ಲರ ಕಟ್ಟೆಗೂ ಕಪ್ಪು ಇಡುತ್ತಾ ಬಂದು, ಅಂದಾನೆಪ್ಪ ಕಾಕಾನ ಹತ್ತಿರದಿಂದಲೇ ಹಿಂದಿರುಗುತ್ತಾರೆ. “ಉಳವಪ್ಪಗ ಅಂಗಡಿ ಅಷ್ಟು ಉದ್ದ ಬೇಕಂತ, ಏನು ಆನೀ ಕಟ್ಟತಾನೋ ಏನೋ” ಎಂದು ಭಜಿಯವರು ನನಗೆ ಕೇಳುವಂತೆ ಅಂದರು. ಎಲ್ಲರೂ ನಗಾಡಿದರು. ಅವರೆಲ್ಲ ತಿಳಿದಿರುವುದು ನಿಮಗೆ ಜಾಗದ ಆಸೆ ಎಂದು.

ಅಲ್ಲ ಎಂದು ನನಗೆ ಗೊತ್ತು ಅಪ್ಪಾ. ನಮ್ಮ ಅಂಗಡಿ ಯಾಕೆ ಇಷ್ಟು ಕಿರಿದಾಗಿ, ಇಷ್ಟು ಉದ್ದವಾಗಿದೆ ಎಂದು ಹಗ್ಗ ಹೊಸೆಯುವ ರಾಟೆ ತಿರುವಿದ ಕೈಗೆ ಗೊತ್ತು. ಮುಂದೆ ರಾಟೆ, ಹಿಂದಿನ ಬಾಗಿಲಿನ ಮರದ ಅಗುಳಿಗೆ ನೀವು ಹೊಡೆದ ಕಬ್ಬಿಣದ ಕೊಂಡಿ, ಅವೆರಡರ ನಡುವೆ ಬಿಗಿದ ಪುಂಡಿನಾರಿನ ಮೂರು ಎಳೆ. ಶಾಲೆಯ ಗಂಟೆಗೆ ಮೊದಲು ನಾನು ರಾಟೆ ತಿರುವುತ್ತಿದ್ದೆ. ನೀವು ಎಳೆ ಕೂರುವಂತೆ ಕಚ್ಚು ಕೊರೆದ ಕಟ್ಟಿಗೆಯ ತುಂಡನ್ನು ಎಳೆಗಳ ನಡುವೆ ಹಿಡಿದು ಆ ಬಾಗಿಲಿನಿಂದ ನನ್ನ ಕಡೆಗೆ ನಿಧಾನ ನಡೆದು ಬರುತ್ತಿದ್ದಿರಿ. ನೀವು ಬಂದಷ್ಟೂ ನಿಮ್ಮ ಬೆನ್ನ ಹಿಂದೆ ಹಗ್ಗ ಹುಟ್ಟುತ್ತಿತ್ತು. ಹಾದಿ ಬಿಟ್ಟರೆ ಅಗುಳಿ ಹೋಗುತ್ತದೆ, ಕೊಂಡಿ ಹೋಗುತ್ತದೆ, ಇಡೀ ದಿನ ಬಿಗಿದೇ ಇರಬೇಕಾದ ಎಳೆಗಳ ಅಡಿ ಜನ ಓಡಾಡುವುದಾಗುವುದಿಲ್ಲ. ಇದನ್ನು ನೀವು ಸಭೆಯಲ್ಲಿ ಹೇಳಲಿಲ್ಲ. ಕೈಹಗ್ಗ ಕೇಳುವವರು ಈಗ ತೀರಾ ಕಡಿಮೆ, ಅಂಥದ್ದಕ್ಕಾಗಿ ಗಲ್ಲಿಯನ್ನೇ ತಡೆದ ಎಂದು ನಕ್ಕಾರು ಅಂದುಕೊಂಡಿರಬೇಕು. ನೀವು ಅರ್ಧಕ್ಕೆ ಬಿಟ್ಟು ಹೋದ ಎಳೆಗಳು ಇನ್ನೂ ಹಾಗೆಯೇ ಬಿಗಿದಿವೆ. ನಾನು ಇಷ್ಟು ದಿನವೂ ಅವುಗಳ ಕೆಳಗೆ ಬಗ್ಗಿಯೇ ಓಡಾಡಿದ್ದೇನೆ, ಒಂದನ್ನೂ ಮುಟ್ಟಿರಲಿಲ್ಲ. ಇವತ್ತಿನವರೆಗೆ.

ಮಧ್ಯಾಹ್ನ ತಾಂಡಾದ ಚಂದ್ರಿಬಾಯಿ ಬಂದಳು. ಆಕಳು ಕರು ಹಾಕಿದೆಯಂತೆ, ಕರು ಕಟ್ಟಲು ಕಣ್ಣಿ ಬೇಕಿತ್ತು. ಪೇಟೆ ಸುತ್ತಿ ಬಂದು ಬೆವರಿಳಿಯುತ್ತಿತ್ತು. ಹೊರಗೆ ತೂಗುತ್ತಿದ್ದ ಹಸಿರು ಹಗ್ಗವನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, ಬಿಟ್ಟು ಬಂದಿದ್ದಳು. “ಆ ಪ್ಲಾಸ್ಟಿಕ್ ಕರಾದ ಕುತ್ತಿಗಿ ಕೊಯ್ತೈತಿ. ನಿಮ್ಮಪ್ಪನ ಕೈದು ಕೊಡು ಯವ್ವಾ.” ಕೊಟ್ಟೆ. ಅಷ್ಟರಲ್ಲಿ ಹಿಂದಿನ ಬಯಲಿನಲ್ಲಿ ಅವಳ ಟೆಂಪೋ ಹಾರ್ನ್ ಹೊಡೆಯಿತು. ಅದು ಬಿಟ್ಟರೆ ಸಂಜೆಯವರೆಗೆ ಅವಳ ಕಡೆ ಬೇರೆ ಗಾಡಿಯಿಲ್ಲ, ಮನೆಯಲ್ಲಿ ಹಾಲು ಕಟ್ಟಿಕೊಂಡ ಆಕಳು. ಅವಳು ಸದ್ದು ಬಂದ ಹಿಂದಿನ ಗೋಡೆಯನ್ನೇ ನೋಡಿದಳು. “ಸದ್ದು ಕಿವ್ಯಾಗ ಐತಿ, ಗಾಡಿ ಎಲ್ಲೋ ಐತಿ. ಎಂಥಾ ಊರಾ ಕಟ್ಟೀರೋ ನೀವು!” ಎಂದು ಬೈದಳು. ನನಗೆ ಏನಾಯಿತೋ ಗೊತ್ತಿಲ್ಲ. ಎಳೆಗಳನ್ನು ಕೊಂಡಿಯಿಂದ ಬಿಡಿಸಿ, ಬಲಗೈಗೆ ಸುತ್ತಿಕೊಂಡು, ಎಡಗೈಯಿಂದ ಅಗುಳಿ ಎತ್ತಿ ಬಾಗಿಲನ್ನು ಕಾಲಿನಿಂದ ತಳ್ಳಿದೆ. ಬಿಸಿಲು ಒಮ್ಮೆಲೇ ಅಂಗಡಿಯೊಳಗೆ ಬಂತು. ಚಂದ್ರಿಬಾಯಿ ಕಾಲ್ಗಡಗ ಸದ್ದು ಮಾಡುತ್ತ ನನ್ನ ಕಂಕುಳಡಿಯಿಂದ ನುಗ್ಗಿ ಓಡಿದಳು. ಟೆಂಪೋ ಹತ್ತಿದಳು.

ಬಾಗಿಲು ಮುಚ್ಚಲು ಆಗಲಿಲ್ಲ. ಎಳೆ ಸಡಿಲ ಬಿಟ್ಟರೆ ತಿರುವೆಲ್ಲ ಬಿಚ್ಚಿ ನಿಮ್ಮ ಕೆಲಸ ಹಾಳಾಗುತ್ತಿತ್ತು, ಬಿಡದಿದ್ದರೆ ಅಗುಳಿ ಹಾಕಲು ಕೈಯಿಲ್ಲ. ನಾನು ಹಾಗೇ ನಿಂತಿರುವಾಗ ಬಸ್ಸಿನಿಂದ ಇಳಿದ ಇಬ್ಬರು ಹೆಂಗಸರು ಇಣುಕಿ, “ಹಿಂಗ ಹಾದಿ ಆತೇನು ತಂಗಿ?” ಎಂದು ಕೇಳಿ, ಉತ್ತರಕ್ಕೂ ಕಾಯದೆ ಒಳಗೆ ಬಂದು ಗಲ್ಲಿಗೆ ಇಳಿದರು. ಅವರ ಹಿಂದೆ ಇನ್ನೊಬ್ಬ ಮುದುಕ. ಆ ಹೆಂಗಸರಲ್ಲಿ ಒಬ್ಬಳು ಕೊಡದ ಮುಂದೆ ನಿಂತಳು. ನಮ್ಮ ಅಂಗಡಿಯೊಳಗಿಂದ ಗಿರಾಕಿ ಹೊರಬಂದದ್ದನ್ನು ಕಂಡು ಅಂದಾನೆಪ್ಪ ಕಾಕಾ ಕೊಡ ಮಾರುವುದನ್ನೂ ಬಿಟ್ಟು ಇಲ್ಲಿಗೆ ಬಂದರು.

“ಇದೇನವ್ವಾ, ಹಿಂಗ ಹಗ್ಗ ಹಿಡಕೊಂಡು ನಿಂತೀದಿ? ಯಾರನ್ನ ಕಟ್ಟಾಕಿ?” ಅಂದರು. ಕೈ ನೋಯುತ್ತಿತ್ತು, ಅಂಗೈ ಕೆಂಪಾಗಿತ್ತು. ನಾಚುವುದಕ್ಕೂ ಪುರುಸೊತ್ತಿರಲಿಲ್ಲ. ಹೇಳಿಬಿಟ್ಟೆ. ಬಾಗಿಲು ಹೋದರೆ ಅಪ್ಪ ಹಗ್ಗ ಹೊಸೆಯಲು ಜಾಗ ಇರುವುದಿಲ್ಲ, ಜಾಗದ ಆಸೆಯಲ್ಲ ಕಾಕಾ, ಇದು ಇಷ್ಟೇ ಎಂದೆ. ಅವರು ನನ್ನ ಕೈಯಿಂದ ಎಳೆಗಳನ್ನು ತೆಗೆದುಕೊಂಡು, ಹಿಂದಕ್ಕೆ ಜಗ್ಗಿ, ಗಲ್ಲಿಯ ಕಡೆ ಮುಖ ಮಾಡಿ ನಿಂತರು. ಆಮೇಲೆ ಸಿಟ್ಟಿನಲ್ಲೇ ಅಂದರು: “ಅಷ್ಟು ವರ್ಷ ಜೋಡಿ ಉಂಡ ಮನಶ್ಯಾ, ಬಾಯಿ ಬಿಟ್ಟು ಹೇಳಾಕ ಏನಾಗಿತ್ತು? ಗಲ್ಲಿ ಅವನ ಅಂಗಡಿಕಿಂತ ಉದ್ದ ಇಲ್ಲೇನು? ತಲೀ ಮ್ಯಾಲೆ ಎತ್ತರಕ್ಕ ಬಿಗಿದ್ರ ಜನಾ ಕೆಳಗ ಹೋಗ್ತಾರ. ನನ್ನ ಅಂಗಡಿ ಮುಂದಿನ ಕಂಬ ಏನು ಸುಟ್ಟು ಹೋಗೈತೇನು?” ಎಳೆಗಳನ್ನು ನಮ್ಮ ಗಲ್ಲಾಪೆಟ್ಟಿಗೆಯ ಮೇಜಿನ ಕಾಲಿಗೆ ಬಿಗಿದು ಕಟ್ಟಿಕೊಟ್ಟರು. ಅಗುಳಿಯನ್ನು ತೋರಿಸಿ ನೀವೇ ಕಾಯಂ ತೆಗೆದುಬಿಡಿ ಎಂದು ನಾನು ಅಂದರೆ ಕೈ ಹಿಂದಕ್ಕೆ ಕಟ್ಟಿಕೊಂಡರು. “ಅದು ನಿಮ್ಮನೀ ಮಾತು. ಇವತ್ತ ನೀ ತೆಗದಿ, ನಾಳೆ ಅವ ಬಂದು ಜಡದರ? ಗಲ್ಲ್ಯಾಗಿನ ಮಂದಿಗೆ ನಾ ಏನಂತ ಹೇಳ್ಲಿ? ಸೋಮವಾರ ಆ ಹುಡುಗ ಬರ್ತಾನ.” ನೈಲಾನ್ ಸುರುಳಿ ಸಂಜೆಯಾದರೂ ಅಲ್ಲೇ ಇತ್ತು. ನಾನು ಅದರ ಕಡೆ ನೋಡಿದ್ದನ್ನು ಕಂಡು, “ಅದನ್ನ ಉಳವಪ್ಪನೇ ಬಂದು ಇಳಸಲಿ” ಎಂದರು.

ಇದು ಇಲ್ಲಿಯ ಸ್ಥಿತಿ. ಒಂದು ಸಣ್ಣ ಸುದ್ದಿ: ಸಂಜೆ ಜ್ಯೋತಿಬಾ ಕಾಕಾನ ಚಹಾದ ಕಪ್ಪು ನಮ್ಮ ಕಟ್ಟೆಯ ಮೇಲೂ ಇತ್ತು. ಯಾರು ಇಟ್ಟು ಹೋದರೋ ನೋಡಲಿಲ್ಲ, ಸ್ವಲ್ಪ ಆರಿತ್ತು, ಕುಡಿದೆ. ಶಂಕ್ರೆವ್ವತ್ತಿಗೆ ನನ್ನ ಶರಣು ತಿಳಿಸಿ. ಮೊಣಕಾಲಿಗೆ ಎಣ್ಣೆ ಹಚ್ಚಿಸಿಕೊಳ್ಳಲು ನಾಚಬೇಡಿ. ಅವ್ವ ಹೇಳಿದ್ದು ಬರೆದುಬಿಡುತ್ತೇನೆ: “ಅಲ್ಲೇ ಹೊಳ್ಯಾಗ ಮೀನಾ ಎಣಸಕೋತ ಕುಂಡ್ರೋದು ಸಾಕು, ಬರ್ರಿ ಅಂತ ಹೇಳು.”

ನಿಮ್ಮ ಕಾಲಿಗೆ ನಮಸ್ಕರಿಸುವ,
ದ್ರಾಕ್ಷಾಯಣಿ

ಮರೆತದ್ದು: ಕಂಡಕ್ಟರ್ ಕಾಯುತ್ತಿದ್ದಾರೆ, ಬೇಗ ಬರೆಯುತ್ತೇನೆ. ಸೋಮವಾರ ಮೊದಲ ಬಸ್ಸು ಬರುವ ಹೊತ್ತಿಗೆ ಹಿಂದಿನ ಬಾಗಿಲು ತೆರೆದಿರುತ್ತದೆ. ಕಿರಣಕುಮಾರ ಉತ್ತರ ಕೇಳಲು ಬಂದಾಗ ಗಲ್ಲಿಯಲ್ಲಿ ಜನ ನಡೆದಾಡುತ್ತಿರಬೇಕು. ಇದಕ್ಕೆ ನಿಮ್ಮ ಒಪ್ಪಿಗೆಯನ್ನು ನಾನು ಕೇಳುತ್ತಿಲ್ಲ. ಅಗುಳಿಯನ್ನು ಜ್ಯೋತಿಬಾ ಕಾಕಾನ ಒಲೆಗೆ ಕೊಟ್ಟೆ. ಅದಕ್ಕೆ ಮೊದಲು ಕೊಂಡಿಯನ್ನು ಕಿತ್ತೆ, ಬಹಳ ಹೊತ್ತು ಹಿಡಿಯಿತು, ಅಷ್ಟು ಗಟ್ಟಿಯಾಗಿ ಹೊಡೆದಿದ್ದಿರಿ. ಈ ಪತ್ರದ ಜೊತೆ ಅರಿವೆಯಲ್ಲಿ ಸುತ್ತಿ ಕಳಿಸಿದ್ದೇನೆ, ಭಾರ ಇದೆ, ಜೋಪಾನ. ಅಂದಾನೆಪ್ಪ ಕಾಕಾನ ಕಂಬ ಖಾಲಿ ಇದೆ. ಕೆಳಗೆ ಜನ ತಲೆ ಬಗ್ಗಿಸದೆ ಹೋಗಬೇಕೆಂದರೆ ಕೊಂಡಿಯನ್ನು ಎಷ್ಟು ಎತ್ತರಕ್ಕೆ ಹೊಡೆಯಬೇಕು ಎಂಬುದು ನನಗೆ ತಿಳಿಯದು. ರಾಟೆಯ ಹತ್ತಿರ ನಾನಿರುತ್ತೇನೆ.