ಪೂಜೆಗೆ ಕೂತ ಸ್ಪ್ಯಾನರ್

ಸೀತೂರು
೧೮ ನವೆಂಬರ್ ೨೦೨೪, ಸೋಮವಾರ

ಚಿ. ಸೌ. ಶಿಲ್ಪಶ್ರೀಗೆ,

ಮೊದಲು ಆಶೀರ್ವಾದ, ಜಗಳ ಆಮೇಲೆ. ನೀನು, ಅಳಿಯಂದಿರು, ಸಿರಿ ಮೂವರೂ ಚೆನ್ನಾಗಿರಿ. ನಾನೂ ಚೆನ್ನಾಗಿದ್ದೇನೆ, ಇಷ್ಟುದ್ದ ಸಿಟ್ಟು ಬರುವಷ್ಟು ಚೆನ್ನಾಗಿದ್ದೇನೆ.

ಫೋನ್ ಇರುವಾಗ ಕಾಗದ ಯಾಕೆ ಎಂದು ಕೇಳಬೇಡ. ಫೋನಿನಲ್ಲಿ ನೀನು ನನ್ನ ಮಾತು ಮುಗಿಸಲು ಬಿಡುವುದಿಲ್ಲ. ನಡುವೆ ಸ್ಪೀಕರ್ ಆನ್ ಮಾಡುತ್ತೀಯ, ಆ ಕಡೆಯಿಂದ ಅಳಿಯಂದಿರು "ಅತ್ತೆ, ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು" ಎನ್ನುತ್ತಾರೆ, ಅಲ್ಲಿಗೆ ನನ್ನ ಬಾಯಿ ಕಟ್ಟಿಹೋಗುತ್ತದೆ. ಅಳಿಯನಿಗೆ ಎದುರು ಮಾತಾಡಿ ನನಗೆ ಅಭ್ಯಾಸವಿಲ್ಲ. ಕಾಗದಕ್ಕೆ ಸ್ಪೀಕರ್ ಇಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಭಾನುವಾರಕ್ಕೆ ಮೊದಲು ನಿನ್ನ ಕೈಸೇರಲಿ ಎಂದು ಸ್ಪೀಡ್ ಪೋಸ್ಟಿನಲ್ಲಿ ಹಾಕುತ್ತೇನೆ.

ವಿಷಯ ಇಷ್ಟೇ. ಭಾನುವಾರ ನಿಮ್ಮ ಭದ್ರಾವತಿಯಿಂದ ತರಕಾರಿ ವ್ಯಾಪಾರದವರು ಯಾರೋ ಬಂದು ನನ್ನ ಓಮ್ನಿ ವ್ಯಾನ್ ನೋಡುತ್ತಾರೆ, ಒಪ್ಪಿಗೆಯಾದರೆ ಅವತ್ತೇ ಓಡಿಸಿಕೊಂಡು ಹೋಗುತ್ತಾರೆ ಎಂದೆಯಲ್ಲ, ಅವರಿಗೆ ಬರಬೇಡಿ ಎಂದು ಹೇಳು. ನಿಮ್ಮಪ್ಪ ಹೋದ ಮೇಲೆ ಆರ್.ಸಿ. ನಿನ್ನ ಹೆಸರಿಗಾದದ್ದು ಯಾಕೆಂದು ನಿನಗೂ ಗೊತ್ತು. ಆರ್‌ಟಿಒ ಆಫೀಸಿಗೆ ಅಲೆಯುವ ಪುರುಸೊತ್ತು ನಿನಗಿತ್ತು, ನನಗಿರಲಿಲ್ಲ. ಗಾಡಿ ಮಾತ್ರ ನನ್ನದು. ನೀನು ಸಹಿ ಹಾಕಿದರೆ ಅದು ಹೋಗುತ್ತದೆ, ಹಾಕದಿದ್ದರೆ ಉಳಿಯುತ್ತದೆ. ಹಾಕಬೇಡ.

"ಅಪ್ಪನ ನೆನಪಿಗೆ ಅಂತ ಆ ಡಬ್ಬ ಇಟ್ಕೊಂಡಿದೀಯ" ಎಂದೆ. ಇಲ್ಲ ಮಗಳೇ, ನಿಮ್ಮಪ್ಪನ ನೆನಪಿಗೆ ಗೋಡೆಯ ಮೇಲೆ ಫೋಟೋ ಇದೆ. ಆ ಮನುಷ್ಯ ಪಂಕ್ಚರ್ ಆದರೆ ಕೆಳಗಿಳಿದು, ಸೊಂಟದ ಮೇಲೆ ಕೈಯಿಟ್ಟು, ಚಕ್ರವನ್ನು ಎರಡು ಬಾರಿ ಒದ್ದು, ಆಮೇಲೆ ಟೀ ಅಂಗಡಿ ಹುಡುಕಿಕೊಂಡು ಹೋಗುತ್ತಿದ್ದರು. ಚಿನ್ನದಂಥ ಮನುಷ್ಯ, ಆದರೆ ಗಾಡಿಗೂ ಅವರಿಗೂ ಆಗಿಬರುತ್ತಿರಲಿಲ್ಲ. ನನಗೆ ವ್ಯಾನ್ ಬೇಕಾಗಿರುವುದು ಚಕ್ಕುಲಿ, ಕೋಡುಬಳೆಯ ಡಬ್ಬಿಗಳನ್ನು ಕೊಪ್ಪ, ಶೃಂಗೇರಿ, ಬಾಳೆಹೊನ್ನೂರಿನ ಅಂಗಡಿಗಳಿಗೆ ಮುಟ್ಟಿಸಲು. ಬಸ್ಸಿನ ಮೇಲೆ ಹಾಕಿ ಕಳಿಸಿ ನೋಡಿದ್ದೇನೆ. ಚಕ್ಕುಲಿ ಪುಡಿಯಾಗಿ ತಲುಪುತ್ತದೆ, ಅಂಗಡಿಯವರು ಅದೇ ಬಸ್ಸಿಗೆ ವಾಪಸು ಹಾಕುತ್ತಾರೆ. ವ್ಯಾನ್ ಹೋದರೆ ನನ್ನ ಬಾಣಲೆ ಇಳಿಯುತ್ತದೆ, ನನ್ನ ಜೊತೆ ಕೂತು ಕರಿಯುವ ಪುಟ್ಟಕ್ಕನ ಕೆಲಸವೂ ಹೋಗುತ್ತದೆ.

ಇನ್ನು, "ನೀನು ತಿರುವಿನಲ್ಲಿ ಜೋರಾಗಿ ಹೊಡೆದಿದ್ದಕ್ಕೇ ಚಕ್ರ ಕಳಚಿದ್ದು" ಎಂಬ ಮಾತು. ಆವತ್ತು ಗಾಡಿಯಲ್ಲಿ ಇದ್ದವರು ನಾನು ಮತ್ತು ಪುಟ್ಟಕ್ಕ. ನಿಮಗೆ ಆ ಮಾತು ಹೇಳಿದವನು ತನ್ನ ಟೈರ್ ಅಂಗಡಿಯಲ್ಲಿದ್ದ. ಹಾಗಾಗಿ ಇದ್ದವಳ ಮಾತನ್ನು ಒಮ್ಮೆ ಪೂರ್ತಿ ಕೇಳು.

ಆಯುಧಪೂಜೆಯ ಬೆಳಿಗ್ಗೆ ಮನೆಯಲ್ಲೇ ವ್ಯಾನ್ ತೊಳೆದು, ವಿಭೂತಿ ಹಚ್ಚಿ, ಮುಂದೆ ಎರಡು ಬಾಳೆಕಂದು ಕಟ್ಟಿ, ಪುಟ್ಟಕ್ಕನನ್ನು ಹತ್ತಿಸಿಕೊಂಡು ಶೃಂಗೇರಿಗೆ ಹೊರಟೆ. ನವರಾತ್ರಿಗೆ ಬರುವ ಜನಕ್ಕೆಂದು ಅಲ್ಲಿಯವರು ಹೆಚ್ಚು ಡಬ್ಬಿ ಕೇಳಿದ್ದರು. ಕೊಪ್ಪ ಮುಟ್ಟುವ ಹೊತ್ತಿಗೆ ಮುಂದಿನ ಎಡಚಕ್ರ ಕುಂಟತೊಡಗಿತು. ಇಳಿದು ನೋಡಿದರೆ ಟೈರಿನ ಪಕ್ಕೆ ಸೀಳಿತ್ತು. ಪರಮೇಶ್ವರನ ಟೈರ್ ಅಂಗಡಿ ಎದುರಿಗೇ ಸಿಕ್ಕಿತು, ಹೊಸದು ಹಾಕಿಕೊಡಿ ಎಂದೆ.

ಅಲ್ಲಿ ಕೆಲಸಕ್ಕಿರುವ ವಿಜಯ್ ಹಳೆಯದನ್ನು ಬಿಚ್ಚಿದ, ಹೊಸದನ್ನು ಏರಿಸಿದ, ನಟ್‌ಗಳನ್ನು ಬೆರಳಲ್ಲೇ ತಿರುಗಿಸಿ ಕೂರಿಸಿದ. ಅಷ್ಟರಲ್ಲಿ ಒಳಗಿನಿಂದ ಪರಮೇಶ್ವರ, "ಏ ವಿಜಯಾ, ಸಾಮಾನೆಲ್ಲ ತಗಂಬಾರೋ ಮಾರಾಯ, ಪೂಜೆಗೆ ಹೊತ್ತಾತು" ಎಂದು ಕೂಗಿದ. ವಿಜಯ್ ಗಾಡಿ ಕೆಳಗಿಳಿಸಿ, ಜಾಕ್, ಸ್ಪ್ಯಾನರ್ ಎಲ್ಲ ಎತ್ತಿಕೊಂಡು ಒಳಗೆ ಹೋದ. ತೊಳೆದರು, ವಿಭೂತಿ ಹಚ್ಚಿ ದೇವರ ಮುಂದೆ ಜೋಡಿಸಿದರು, ಗಾಳಿ ಹಾಕುವ ಕಂಪ್ರೆಸರ್‌ಗೂ ಚೆಂಡುಹೂವಿನ ಹಾರ ಹಾಕಿದರು. ನಮ್ಮಲ್ಲಿ ಪೂಜೆಗೆ ಕೂತ ಆಯುಧವನ್ನು ಮರುದಿನದ ತನಕ ಯಾರೂ ಮುಟ್ಟುವುದಿಲ್ಲ, ನಿನಗೇ ಗೊತ್ತು. ಪೂಜೆ ಮುಗಿಸಿ ಪರಮೇಶ್ವರ ಆರತಿ ತಟ್ಟೆ ಹಿಡಿದು ಹೊರಗೆ ಬಂದ. ಅಂಗಡಿ ಮುಂದೆ ನಿಂತ ಗಾಡಿಗಳಿಗೆಲ್ಲ ಬೆಳಗಿದ. ನನ್ನ ಹೊಸ ಚಕ್ರಕ್ಕೆ ಮೂರು ಬೆರಳಲ್ಲಿ ವಿಭೂತಿ ಎಳೆದು, ಅಡಿಯಲ್ಲಿ ನಿಂಬೆಹಣ್ಣು ಇಟ್ಟ. ಬಿಗಿ ಮಾಡಿದ್ದೀರಾ ಎಂದು ಕೇಳಿದೆ. "ಎಂತ ಹೆದರ್ತೀರಿ ಅಮ್ಮ, ಎಲ್ಲ ಮುಗೀತು, ನಿಂಬೆಹಣ್ಣಿನ ಮೇಲೆ ಹತ್ತಿಸ್ಕೊಂಡು ಹೊರಡಿ" ಎಂದ. ಕೊಟ್ಟ ಮಂಡಕ್ಕಿಯನ್ನು ಬಾಯಿಗೆ ಹಾಕಿಕೊಂಡು ಹೊರಟೆವು.

ಹರಿಹರಪುರ ದಾಟಿದ ಮೇಲೆ ಮುಂದಿನಿಂದ ಟಕಟಕ ಎಂದು ಶಬ್ದ ಬರತೊಡಗಿತು. ಬಾಳೆಕಂದು ಬಂಪರಿಗೆ ಬಡಿಯುತ್ತಿದೆ ಎಂದುಕೊಂಡೆವು. ಗಾಡಿ ನಿಲ್ಲಿಸಿದೆ, ಪುಟ್ಟಕ್ಕ ಇಳಿದು ಎರಡೂ ಕಂದುಗಳನ್ನು ಇನ್ನೊಂದು ಸುತ್ತು ಹಗ್ಗ ಬಿಗಿದು ಕಟ್ಟಿ ಬಂದಳು. ಬಿಗಿಯಬೇಕಾದ್ದನ್ನು ಬಿಟ್ಟು ಬಾಳೆಕಂದು ಬಿಗಿದೆವು ನೋಡು! ಸ್ವಲ್ಪ ದೂರ ಹೋದ ಮೇಲೆ ತಿರುವು. ನಾನು ಎರಡನೇ ಗೇರಿನಲ್ಲಿದ್ದೆ. ಸ್ಟೇರಿಂಗ್ ಒಮ್ಮೆ ಅದುರಿತು, ಗಾಡಿ ಎಡಕ್ಕೆ ಕುಸಿದು ರಸ್ತೆಯನ್ನು ಕೆರೆಯುತ್ತಾ ಗುಡ್ಡ ಕಡಿದ ಧರೆಯ ಬದಿಯ ಚರಂಡಿಗೆ ಹೋಗಿ ನಿಂತಿತು. ಮುಂದೆ ಒಂದು ಚಕ್ರ ತನ್ನ ಪಾಡಿಗೆ ರಸ್ತೆಯಲ್ಲಿ ಉರುಳಿಕೊಂಡು ಹೋಗುತ್ತಿತ್ತು. "ಅಮ್ಮಾ, ಅಗಳಿ, ಅಲ್ನೋಡಿ, ಅದು ನಮ್ದೇ ಅಲ್ವಾ!" ಎಂದು ಪುಟ್ಟಕ್ಕ ಕೂಗಿದಳು. ಹುಡುಕಿದಾಗ ಮೋರಿಕಟ್ಟೆಗೆ ಒರಗಿ ನಿಂತಿತ್ತು, ವಿಭೂತಿಯ ಪಟ್ಟೆ ಚೂರೂ ಅಳಿಸದೆ. ಬಲಗಡೆ ಕೆಳಗೆ ತುಂಗೆ ಹರಿಯುತ್ತಿದ್ದಳು. ನಾನು ಚರಂಡಿಯ ಪಕ್ಕ ಕೂತು ಪುಟ್ಟಕ್ಕನನ್ನು ಹಿಡಿದುಕೊಂಡು ಅತ್ತುಬಿಟ್ಟೆ. ಇದನ್ನು ನಿನಗೆ ಹೇಳಿರಲಿಲ್ಲ.

ಮರುದಿನ ಅಂಗಡಿಗೆ ಹೋಗಿ ಕೇಳಿದರೆ ವಿಜಯ್ ತಲೆ ಎತ್ತಲಿಲ್ಲ. "ಪೂಜೆ ಆದ ಗಾಡಿ ಅಂದ್ರೆ ಕೆಲಸ ಆದ ಗಾಡಿ ಅಂದ್ಕಂಡೆ. ಸ್ಪ್ಯಾನರೂ ದೇವ್ರ ಮುಂದಿತ್ತು, ತೆಗೆಯೋ ಹಂಗಿರ್ಲಿಲ್ಲ" ಎಂದ. ಅವನ ಮೇಲೆ ನನಗೆ ಸಿಟ್ಟಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಪರಮೇಶ್ವರ ಅವನನ್ನು ಸುಮ್ಮನಾಗಿಸಿ, "ನಿಮ್ಮ ಯಜಮಾನ್ರನ್ನ ಕಳ್ಸಿ, ಅವರ ಹತ್ರ ಮಾತಾಡ್ತೀನಿ" ಎಂದ. "ಕಳಿಸ್ತೀನಿ, ಅವರು ಹೋದಲ್ಲಿಗೆ ದಾರಿ ನಿಮಗೆ ಗೊತ್ತಿದ್ರೆ ಹೇಳಿ" ಎಂದು ಎದ್ದು ಬಂದೆ. ಅದಾದ ಮೇಲೆಯೇ ಅವನು ಎಲ್ಲಿಂದಲೋ ನಂಬರ್ ಹುಡುಕಿ ಅಳಿಯಂದಿರಿಗೆ ಫೋನ್ ಮಾಡಿ, ಹೆಂಗಸರು ತಿರುವಿನಲ್ಲಿ ಜೋರು ಹೊಡೆದರು ಎಂದು ಕಥೆ ಕಟ್ಟಿದ್ದು. ಅಳಿಯಂದಿರು ಅದನ್ನು ನಂಬಿದರು. ನೀನೂ ನಂಬಿದೆ, ನನಗೆ ಚುಚ್ಚಿದ್ದು ಅದು.

ಅವತ್ತೇ ನಿರ್ಧಾರ ಮಾಡಿದೆ, ಇನ್ನು ನನ್ನ ಗಾಡಿಯ ಚಕ್ರವನ್ನು ಯಾವ ಅಂಗಡಿಯವನೂ ಮುಟ್ಟಬೇಕಾಗಿಲ್ಲ. ಹಾಳಾದ ಬೋಲ್ಟುಗಳನ್ನು ಬದಲಿಸಲು ಮೆಕ್ಯಾನಿಕ್ ಬೇಕಾಯಿತು ನಿಜ, ಆದರೆ ಅವನ ಪಕ್ಕ ಸ್ಟೂಲ್ ಹಾಕಿಕೊಂಡು ಕೂತು ಕೊನೆಯ ನಟ್ ತನಕ ಎದ್ದೇಳಲಿಲ್ಲ. ಆಮೇಲೆ ಎನ್.ಆರ್.ಪುರದ ಹಾರ್ಡ್‌ವೇರ್ ಅಂಗಡಿಯಿಂದ ಉದ್ದ ಹಿಡಿಯ ವೀಲ್ ಸ್ಪ್ಯಾನರ್ ತಂದೆ, ವ್ಯಾನಿಗೊಂದು, ಮನೆಗೊಂದು. ಒಳ್ಳೆಯ ಜಾಕ್, ಕಾಲಲ್ಲಿ ಒತ್ತಿ ಗಾಳಿ ಹಾಕುವ ಪಂಪು ಕೂಡ ತಂದೆ. ಅಂಗಡಿಯಾತ "ಮಗನಿಗಾ ಅಮ್ಮ?" ಎಂದ. ನನಗೇ ಎಂದೆ.

ಮೊದಲ ದಿನವೇ ಜಾಕನ್ನು ತಪ್ಪು ಜಾಗಕ್ಕೆ ಕೊಟ್ಟು ತಗಡು ಒಳಗೆ ಹೋಯಿತು. ಹಬ್ಬಕ್ಕೆ ಬಂದಾಗ ನೀನು ಬಾಗಿಲ ಕೆಳಗೆ ನೋಡಿ "ಇದೆಂತ ಹೊಸ ಗುಂಡಿ?" ಎಂದೆಯಲ್ಲ, ಎಮ್ಮೆ ಗುದ್ದಿತು ಎಂದಿದ್ದೆ. ಎಮ್ಮೆ ನಾನೇ. ಮೊಬೈಲಿನಲ್ಲಿ ಯಾರೋ ತೋರಿಸುವುದನ್ನು ನೋಡಿ, ತಪ್ಪು ಮಾಡಿ, ಮತ್ತೆ ಮಾಡಿ ಕಲಿತೆ. ನಿಮ್ಮಪ್ಪನ ಹಳೆಯ ಅಂಗಿಯನ್ನು ಸೀರೆಯ ಮೇಲೆ ಹಾಕಿಕೊಂಡರೆ ಸೆರಗು ಅಡ್ಡ ಬರುವುದಿಲ್ಲ. ನಟ್‌ಗಳನ್ನು ಸಾಲಾಗಿ ಬಿಗಿಯಬಾರದು, ಒಂದಾದ ಮೇಲೆ ಅದರ ಎದುರಿನದು. ಗಾಡಿ ಇಳಿಸಿದ ಮೇಲೆ ಸ್ಪ್ಯಾನರಿನ ಹಿಡಿಯ ಮೇಲೆ ಕಾಲಿಟ್ಟು ಮೈಭಾರ ಬಿಡಬೇಕು. ಸ್ವಲ್ಪ ಓಡಿಸಿ ಬಂದು ಇನ್ನೊಮ್ಮೆ ನೋಡಬೇಕು. ಇದರಲ್ಲಿ ಗಂಡಸರಿಗೆ ಮಾತ್ರ ಗೊತ್ತಾಗುವಂಥದ್ದು ಎಂತದೂ ಇಲ್ಲ. ಇಷ್ಟು ವರ್ಷ ಚಕ್ಕುಲಿ ಒರಳು ತಿರುಗಿಸಿದ ಕೈಗೆ ಒಂದು ನಟ್ ಹೆಚ್ಚಲ್ಲ. ಈಗ ಎಂಜಿನ್ ಆಯಿಲ್ ಕೂಡ ನಾನೇ ಬದಲಿಸುತ್ತೇನೆ. ಹಳೆ ಇಡ್ಲಿ ಪಾತ್ರೆಯೊಂದು ಅದಕ್ಕೇ ಮೀಸಲಾಗಿದೆ, ಹುಡುಕಬೇಡ.

ಪುಟ್ಟಕ್ಕ ಮೊದಮೊದಲು ನಗುತ್ತಿದ್ದಳು. ಈಗ ಅವಳೇ ಡಬ್ಬಿ ಜೋಡಿಸುವ ಮುಂಚೆ "ಚಕ್ರ ನೋಡಿದ್ರಾ ಅಮ್ಮ?" ಎನ್ನುತ್ತಾಳೆ. ನೋಡದೆ ಹತ್ತುವುದೇ ಇಲ್ಲ.

ಅಳಿಯಂದಿರು ದೀಪಾವಳಿಗೆ ಬಂದವರು ನಿಮ್ಮ ಕಾರಿಗೆ ಹಿಂದಿನ ಎರಡು ಟೈರ್ ಹಾಕಿಸಲು ಅದೇ ಪರಮೇಶ್ವರನ ಅಂಗಡಿಗೆ ಹೋದರು. ನನಗೆ ಬುದ್ಧಿ ಕಲಿಸಲೆಂದೇ ಹೋದರೋ ಏನೋ. ಅಂಗಡಿಪೂಜೆಯ ಪ್ರಸಾದವನ್ನೂ ತಂದು ನನ್ನ ಕೈಗಿಟ್ಟು, "ನೋಡಿ ಅತ್ತೆ, ಎಷ್ಟು ನೀಟಾಗಿ ಮಾಡಿಕೊಟ್ರು, ಕಾಫಿನೂ ಕೊಟ್ರು" ಎಂದರು. ನಾನು ಪ್ರಸಾದ ಕಣ್ಣಿಗೊತ್ತಿಕೊಂಡೆ. ಮರುದಿನ ನೀವು ಹೊರಡುವಾಗ ಕಡುಬು ಇನ್ನೂ ಬೆಂದಿಲ್ಲ ಎಂದು ತಡಮಾಡಿಸಿದೆ, ಅಳಿಯಂದಿರು ಗೇಟಿನ ಹತ್ತಿರ ಹಾರ್ನ್ ಹೊಡೆದರು, ನೀನು ಸಿಡುಕಿದೆ. ನಾನು ಸಿರಿಗೆ ಕಡುಬು ತಿನ್ನಿಸಲು ಬಂದರೆ ನನ್ನ ಉಗುರು ನೋಡಿ "ಅಮ್ಮಾ, ಆ ಗ್ರೀಸ್ ಕೈಯಲ್ಲಿ ಮಗು ಬಾಯಿಗೆ ಇಡಬೇಡ, ಥೂ, ಬೆಳಿಗ್ಗೆ ಬೆಳಿಗ್ಗೆ ಆ ವ್ಯಾನಿನಡಿ ಮಲಗೋದು ಬಿಡು" ಎಂದು ಅವಳನ್ನು ನಿನ್ನ ಕಡೆ ಎಳೆದುಕೊಂಡೆ. ಆ ದಿನ ನಾನು ಮಾತಾಡದೇ ಇದ್ದದ್ದಕ್ಕೆ ಕಾರಣವಿತ್ತು, ಈಗಲೂ ಬೇಡ ಬಿಡು.

ನೀವಿಬ್ಬರೂ ಕೆಟ್ಟವರಲ್ಲ, ನನ್ನ ಮೇಲೆ ಪ್ರೀತಿ ಇರುವುದಕ್ಕೇ ಹೆದರುತ್ತೀರಿ. ಆದರೆ ಹೆದರಿಕೆಯನ್ನು ತಪ್ಪಿದವರ ಮೇಲೆ ಹಾಕಿ, ನನ್ನ ಮೇಲಲ್ಲ. ಚಕ್ರ ಬಿಗಿಯದೆ ಬಿಟ್ಟದ್ದು ಅವರ ಅಂಗಡಿಯಲ್ಲಿ, ಗಾಡಿ ಮಾರಬೇಕಾದವಳು ನಾನಾ? ಅವನ ಅಂಗಡಿಯ ಬೋರ್ಡು ಇನ್ನೂ ಹಾಗೇ ಇದೆ. ನನ್ನ ವ್ಯಾನೂ ಇರುತ್ತದೆ. ದೇವರ ಮುಂದೆ ಸ್ಪ್ಯಾನರ್ ಇಡುವುದು ತಪ್ಪೆಂದು ನಾನು ಹೇಳುವುದಿಲ್ಲ, ಬರುವ ವರ್ಷ ನಾನೂ ಇಡುತ್ತೇನೆ, ಕೊನೆಯ ನಟ್ ಬಿಗಿದ ಮೇಲೆ.

ಭಾನುವಾರ ನಾನು ಮನೆಯಲ್ಲಿರುವುದಿಲ್ಲ, ಬಾಳೆಹೊನ್ನೂರಿಗೆ ಡಬ್ಬಿ ಒಯ್ಯುವುದಿದೆ. ನಿನ್ನ ತರಕಾರಿಯವರು ಬಂದರೆ ಖಾಲಿ ಅಂಗಳ ನೋಡಿಕೊಂಡು ಹೋಗಬೇಕಾಗುತ್ತದೆ.

ಸಿರಿಗೆ ಮುತ್ತು. ಅಳಿಯಂದಿರಿಗೆ ನಮಸ್ಕಾರ ತಿಳಿಸು, ಈ ಕಾಗದ ಓದಲು ಕೊಡುವುದೂ ಬಿಡುವುದೂ ನಿನ್ನ ಇಷ್ಟ.

ಇಂತಿ,
ಸಹಿ ಹಾಕಬೇಡ ಎನ್ನುತ್ತಾ ತಾನೇ ಸಹಿ ಹಾಕುತ್ತಿರುವ
ನಿನ್ನ ಅಮ್ಮ,
ಸುಮಿತ್ರಮ್ಮ

ತಾ.ಕ.: ಕಾಗದ ಮಡಚಿಟ್ಟು ಮತ್ತೆ ಬಿಚ್ಚಿದೆ. ಬೇಡ ಎಂದದ್ದನ್ನು ಬರೆದೇಬಿಡುತ್ತೇನೆ. ನೀವು ಹೊರಟ ದಿನ ಕಡುಬು ಯಾವಾಗಲೋ ಬೆಂದಿತ್ತು. ಅಂಗಡಿಪೂಜೆಯ ಪ್ರಸಾದ ಕೈಗೆ ಬಂದಾಗಿನಿಂದ ನನಗೆ ಸಮಾಧಾನವಿರಲಿಲ್ಲ. ನೀವೆಲ್ಲ ಸ್ನಾನ, ತಿಂಡಿ ಎಂದು ಒಳಗಿದ್ದಾಗ ನಿಮ್ಮ ಕಾರಿನ ಹೊಸ ಟೈರುಗಳ ಹತ್ತಿರ ಕೂತೆ. ಬಲಗಡೆಯದು ಸರಿಯಿತ್ತು. ಎಡಗಡೆಯ ಎರಡು ನಟ್‌ಗಳು ಸ್ಪ್ಯಾನರೇ ಇಲ್ಲದೆ ನನ್ನ ಬೆರಳಿಗೆ ತಿರುಗಿದವು. ಸಿರಿ ಕೂರುವ ಬದಿ. ಎಲ್ಲವನ್ನೂ ಕಾಲಿಟ್ಟು ಬಿಗಿದೆ, ಅದಕ್ಕೆ ಹೊತ್ತು ಬೇಕೆಂದೇ ಕಡುಬಿನ ನೆಪ ಹೇಳಿದ್ದು. ಹಬ್ಬದ ಮನೆಯಲ್ಲಿ ಅಳಿಯಂದಿರ ಮುಖ ತಗ್ಗುವುದು ಬೇಡವೆಂದು ಬಾಯಿ ಬಿಡಲಿಲ್ಲ. ಮನೆಯ ಸ್ಪ್ಯಾನರ್ ನಿಮ್ಮ ಡಿಕ್ಕಿಯಲ್ಲಿದೆ, ಚಕ್ಕುಲಿ ಡಬ್ಬಿ ಇಟ್ಟಿದ್ದ ಚೀಲದ ತಳದಲ್ಲಿ. ಈ ಕಾಗದ ಓದಿದ ಕೂಡಲೇ ಇಳಿದು ಹೋಗಿ ಇನ್ನೊಮ್ಮೆ ಬಿಗಿ ನೋಡು, ನೀನೇ ನೋಡು. ಅವತ್ತು ನನ್ನ ಉಗುರಿನಲ್ಲಿದ್ದ ಕಪ್ಪು ನನ್ನ ವ್ಯಾನಿನದಲ್ಲ ಮಗಳೇ, ನಿನ್ನ ಕಾರಿನದು.