ಹುರುಳಿಕಾಯಿ ಪಾತಿಯಲ್ಲಿ ರೈಲಿನ ಕೋಲು

ಗೇಟಿನ ಮನೆ, ಆಲ್ಡರ್‌ಕೂಮ್
೮ ಅಕ್ಟೋಬರ್ ೧೯೫೨

ಪ್ರೀತಿಯ ಹೆಸ್ಟರ್ ಅಕ್ಕನಿಗೆ,

ನಿನ್ನ ಕಾಗದ ಬಂದು ಕೂತಿದೆ, ನನಗೆ ಮಾತ್ರ ಕೂರಲು ಆಗುತ್ತಿಲ್ಲ. ರೂಬೆನ್ ಹೋಗಿ ನಾನು ವಿಧವೆಯಾದಮೇಲೆ ಹೀಗೇ. ಕುರ್ಚಿಯನ್ನು ಕಿಟಕಿಯ ಬಳಿಗೆ ಎಳೆಯುತ್ತೇನೆ, ಮತ್ತೆ ಒಲೆಯ ಬಳಿಗೆ ತರುತ್ತೇನೆ. ಚಹಾ ಮಾಡಿ, ಕುಡಿಯುವುದನ್ನು ಮರೆಯುತ್ತೇನೆ.

ನೀನು ಕೇಳಿದ್ದಕ್ಕೆ ಮೊದಲು ಉತ್ತರ: ರೈಲು ಉಳಿಯಿತು. ಸರ್ಕಾರ ಕೈಬಿಟ್ಟ ನಮ್ಮ ಸಣ್ಣ ರೈಲುದಾರಿಯನ್ನು ಊರವರೇ ನಡೆಸಿಕೊಳ್ಳಲಿ ಎಂದು ಇನ್ಸ್‌ಪೆಕ್ಟರು ನಿನ್ನೆ ಒಪ್ಪಿದರು. ಒಪ್ಪದಿದ್ದರೆ ಗೇಟೂ ಇಲ್ಲ, ಗೇಟು ಕಾಯುವವಳಿಗೆಂದು ಕೊಟ್ಟ ಈ ಮನೆಯೂ ಇಲ್ಲ. ಗಂಟುಮೂಟೆ ಕಟ್ಟಿ ನಿನ್ನ ಮನೆಗೆ ಬರಬೇಕಾಗಿತ್ತು.

ಎಲ್ಲ ಕೈತಪ್ಪುವುದರಲ್ಲಿತ್ತು. ಒಂಟಿ ಹಳಿಯ ಮೇಲೆ ರೈಲು ಹೊರಡಬೇಕಾದರೆ ಆ ಹಳಿಯ ಕೋಲು ಚಾಲಕನ ಕೈಯಲ್ಲಿರಬೇಕು. ಇರುವುದೇ ಒಂದು ಕೋಲು. ಅದಕ್ಕೇ ಎದುರಿನಿಂದ ಇನ್ನೊಂದು ರೈಲು ಬರುವುದಿಲ್ಲ. ಭಾನುವಾರ ಸುಗ್ಗಿಯ ಪ್ರಾರ್ಥನೆಯಲ್ಲಿ ಪಾದ್ರಿಗಳು ಅದನ್ನೂ ಕುಂಬಳ, ಸೇಬು, ರೊಟ್ಟಿಗಳ ನಡುವೆ ಇಟ್ಟು ಹರಸಿದರು. ಸೋಮವಾರ, ವಾಡಿಕೆಯಂತೆ, ಕಾಣಿಕೆಯನ್ನೆಲ್ಲ ಪಬ್ಬಿನಲ್ಲಿ ಹರಾಜು ಹಾಕಿದರು. ಕೋಲನ್ನೂ ಸೇರಿಸಿ!

ನಿನ್ನೆ ರೈಲಿನ ಓಟ ಪರೀಕ್ಷಿಸಲು ಬಂದ ಇನ್ಸ್‌ಪೆಕ್ಟರು ಪ್ಲಾಟ್‌ಫಾರಂ ಮೇಲೆ ಗಡಿಯಾರ ನೋಡುತ್ತ ನಿಂತಿದ್ದರು. ಔಷಧಿ ಅಂಗಡಿಯ ಟಲ್ ಈಗ ನಮ್ಮ ಚಾಲಕ. ಅವನು ಇಂಜಿನ್ನಿನಿಂದ ಬಗ್ಗಿ, "ಪಾದ್ರಿಗಳೇ, ಹರಸಿದ್ದು ಸಾಕು, ಕೋಲು ಎಲ್ರೀ?" ಎಂದು ಕೂಗಿದ.

"ಅಯ್ಯೋ, ಕುಂಬಳಕಾಯಿ ಜೊತೆ ಜಾಬೆಜ್‌ಗೆ ಹೋಯ್ತಲ್ಲಪ್ಪಾ!"

"ಸ್ವಲ್ಪ ಹೊತ್ತು ಕಾಯ್ತೀನಿ. ಆಮೇಲೆ ನಾನು ಬಸ್ ಹಿಡೀತೀನಿ," ಎಂದರು ಇನ್ಸ್‌ಪೆಕ್ಟರು.

ಗೇಟು ಪ್ಲಾಟ್‌ಫಾರಂಗೆ ಅಂಟಿಕೊಂಡೇ ಇದೆಯಲ್ಲ, ನನಗೆ ಎಲ್ಲ ಕೇಳಿಸಿತು. ಮುದುಕ ಜಾಬೆಜ್‌ನ ತೋಟ ಹೊಲದಾಚೆಗೇ. ಏಪ್ರನ್ನಿನಲ್ಲೇ ಓಡಿದೆ.

ಬೀಜಕ್ಕೆ ಬಿಟ್ಟ ಹುರುಳಿಕಾಯಿ ಬಳ್ಳಿ ಗಾಳಿಗೆ ವಾಲದಂತೆ ಮುದುಕ ನಮ್ಮ ಕೋಲನ್ನು ಬುಡಕ್ಕೆ ಊರಿದ್ದ. "ಕಾಸು ಕೊಟ್ಟು ತಗೊಂಡಿದೀನಿ ಕಣಮ್ಮ ಎನಿಡ್. ಇದನ್ನ ಕಿತ್ರೆ ನನ್ನ ಬಳ್ಳೀನ ನಿಮ್ ಇನ್ಸ್‌ಪೆಕ್ಟರ್ ಮೇಲೆ ಹಬ್ಬಿಸ್ಲಾ?"

"ಹಬ್ಬಿಸಪ್ಪ, ಅವರೂ ಗೂಟದ ಹಾಗೇ ನಿಂತಿದಾರೆ," ಎಂದೆ. ನಕ್ಕು ತಾನೇ ಕಿತ್ತುಕೊಟ್ಟ. "ರೂಬೆನ್ ಇದ್ದಿದ್ರೆ ಈ ಪಾದ್ರೀನ ಬಾಯ್ಲರ್‌ಗೆ ಹಾಕ್ತಿದ್ದ," ಎಂದೂ ಹೇಳಿದ. ನಾನು ಕೋಲಿನ ಮಣ್ಣನ್ನು ಏಪ್ರನ್ನಿನಿಂದ ಒರೆಸಿಕೊಂಡು ಹೊರಟೆ.

ಕೋಲು ತಲುಪಿತು, ರೈಲು ಹೊರಟಿತು. ಮರಳಿ ಬಂದಾಗ ಇನ್ಸ್‌ಪೆಕ್ಟರ ಮೂಗಿನ ಮೇಲೆ ಮಸಿ. ಕೇಕು ಎರಡನೇ ಸಲ ಹಾಕಿಸಿಕೊಂಡು, ಸಹಿ ಮಾಡಿದರು. ಎಲ್ಲರೂ ನನ್ನ ಬೆನ್ನು ತಟ್ಟಿದರು.

ಭಾವನಿಗೆ ಕೆಮ್ಮು ಕಡಿಮೆಯಾಯಿತೇ? ತಿಳಿಸು.

ನಿನ್ನ ತಂಗಿ
ಎನಿಡ್

ಮತ್ತೆ: ಇದು ಮರೆತದ್ದಲ್ಲ, ಬರೆಯದೆ ಬಿಟ್ಟದ್ದು. ಹೋಗುವಾಗ ಓಡಿದೆ, ಬರುವಾಗ ಓಡಲಿಲ್ಲ. ಕೋಲನ್ನು ಮಡಿಲಲ್ಲಿಟ್ಟುಕೊಂಡು ಹೊಲದ ಬೇಲಿ ದಾಟಲು ಇಟ್ಟ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಇಲ್ಲೇ ಇದ್ದರೆ ಇನ್ಸ್‌ಪೆಕ್ಟರು ಬಸ್ ಹಿಡಿಯುತ್ತಾರೆ. ರೂಬೆನ್ ಕಣ್ಣುಮುಚ್ಚಿದ ಆ ಮನೆಯಿಂದ ಬೇರೆ ಯಾರೋ ನನ್ನನ್ನು ಕಳಿಸುತ್ತಾರೆ. ನಾನಾಗಿ ಅವನನ್ನು ಬಿಟ್ಟುಬಂದಂತೆ ಆಗುವುದಿಲ್ಲ ಎಂದುಕೊಂಡೆ. ಎಷ್ಟು ತಿಂಗಳ ಮೇಲೆ ಹಾಗೆ ಸುಮ್ಮನೆ ಕೂತಿದ್ದೆನೋ! ಅಷ್ಟರಲ್ಲಿ ಟಲ್ ಸೀಟಿ ಊದಿದ. ಅಯ್ಯೋ, ರಸ್ತೆಗೆ ಗೇಟು ಹಾಕಿಲ್ಲವಲ್ಲ ಎಂದು ಕಾಲುಗಳು ತಾವಾಗಿ ಎದ್ದವು. ಮನೆ ಉಳಿಯಿತು, ಅಕ್ಕ. ಇನ್ನು ಬಿಡುವುದಾದರೆ ನಾನೇ ಬಿಡಬೇಕು.